ಪರವಾಗಿಲ್ಲ ಮೇಷ್ಟ್ರು

"ಕ್ಷಮಿಸಿದ ಮೇಲೂ ಮನಸ್ಸುಗಳು ಕೂಡದಿದ್ದರೆ ತಪ್ಪು ಯಾರದು?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಚನ್ನವೀರ. ಮಠದಲ್ಲಿ ಸಂಜೆಯ ಭಜನೆಗೆ ತಂಬೂರಿ ಹಿಡಿಯುವವನು ಅವನೇ. ಕೆಲವು ದಿನಗಳ ಹಿಂದೆ ಜೊತೆಯ ಶಿಷ್ಯ ಪಂಪಯ್ಯ ಕಸ ಗುಡಿಸುವಾಗ ಆ ತಂಬೂರಿಯನ್ನು ಉರುಳಿಸಿದ್ದ. ಬುರುಡೆಯ ಮೇಲೆ ಕೂದಲೆಳೆಯಂಥ ಸೀಳು ಬಿದ್ದಿತ್ತು. ನಾದಕ್ಕೆ ಏನೂ ಆಗಿರಲಿಲ್ಲ. ಪಂಪಯ್ಯ ತಾನೇ ಬಂದು ಹೇಳಿದ. ಚನ್ನವೀರ ಪರವಾಗಿಲ್ಲ ಎಂದ. ಅಂದಿನಿಂದ ಪಂಪಯ್ಯ ಭಜನೆಯಲ್ಲಿ ಅವನ ಪಕ್ಕ ಬಿಟ್ಟು ಕಂಬದ ಆಚೆ ಕೂರುತ್ತಿದ್ದ.

"ನಾನು ಅವನಿಗೆ ಒಂದು ಬಿರುನುಡಿ ಆಡಿಲ್ಲ, ಗುರುಗಳೇ. ಕೇಳಿದವರಿಗೆಲ್ಲ ಅವನನ್ನು ಕ್ಷಮಿಸಿದ್ದೇನೆ ಎಂದೇ ಹೇಳಿದ್ದೇನೆ. ಇನ್ನೇನು ಮಾಡಬೇಕು?"

ಬಾಗಿಲಿಗೆ ಎದುರಾಗಿ ತಂಬೂರಿ ಗೋಡೆಗೆ ಒರಗಿತ್ತು. ಬುರುಡೆಯ ಮೇಲಿನ ಸೀಳು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಗುರುಗಳು ಅದನ್ನು ಒಮ್ಮೆ ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ, ಬೀದಿ ಮುಗಿಯುವಲ್ಲಿ, ಒಬ್ಬ ನಿವೃತ್ತ ಮೇಷ್ಟ್ರು ಬಾಡಿಗೆಗೆ ಇದ್ದರು. ಅವರು ಕನ್ನಡ ವ್ಯಾಕರಣ ಕಲಿಸಿದವರು. ಪ್ರತಿದಿನ ಬೆಳಗ್ಗೆ ವ್ಯಾಪಾರಿಯ ಮನೆಯ ಜಗಲಿಗೆ ಬಂದು ಕೂತು ಮುದುಕಿಗೆ ಪೇಪರ್ ಓದಿ ಹೇಳುತ್ತಿದ್ದರು. ಓದಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಒಂದು ದಿನ ಬಂದು ಓದಿದರು, ಮರುದಿನವೂ ಬಂದರು, ಅದೇ ಪದ್ಧತಿಯಾಯಿತು.

ಮುದುಕಿ ಸುಮ್ಮನೆ ಕೇಳುವವಳಲ್ಲ. ಮಂತ್ರಿ ಏನಾದರೂ ಅಂದರೆ ಇವಳು ಮರುತ್ತರ ಕೊಡುತ್ತಿದ್ದಳು. ಮೇಷ್ಟ್ರು ಅಚ್ಚಿನ ತಪ್ಪು ಕಂಡರೆ ಸಂಪಾದಕನನ್ನು ಬೈಯುತ್ತಿದ್ದರು. ಹೀಗೆ ಇಬ್ಬರೂ ಲೋಕದ ಜೊತೆ ಜಗಳವಾಡಿ ತೃಪ್ತರಾಗಿ ಏಳುತ್ತಿದ್ದರು. ಕಣ್ಣು ಹೋದ ಮೇಲೆ ಆ ತಾಯಿಯ ಬಳಿಗೆ ಲೋಕ ಬರುತ್ತಿದ್ದದ್ದು ಮೇಷ್ಟ್ರ ದನಿಯ ಬೆನ್ನೇರಿ.

ವ್ಯಾಪಾರಿ ಒಂದು ಹೊಸ ಕಾರು ಕೊಂಡ. ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತು ದುಡಿದವನಿಗೆ ಅದು ಮೊದಲ ಸುಖ. ಬೀದಿ ಇಕ್ಕಟ್ಟಾಗಿತ್ತು. ಮುಖ್ಯ ರಸ್ತೆಯಿಂದ ನೇರವಾಗಿ ಬಂದು ಮನೆಯ ಮುಂದೆ ನಿಲ್ಲಿಸುತ್ತಿದ್ದ. ಕಾರಿನ ಮುಖ ಮೇಷ್ಟ್ರ ಮನೆಯ ಕಡೆ, ಬೆನ್ನು ರಸ್ತೆಯ ಕಡೆ ಇರುತ್ತಿತ್ತು.

ಒಂದು ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿದ್ದಾಗ ಮೇಷ್ಟ್ರು ಸ್ಕೂಟರ್ ತಳ್ಳಿಕೊಂಡು ಮನೆಗೆ ಬರುತ್ತಿದ್ದರು. ಹಳೆಯ ಗಾಡಿ, ಭಾರದ ಗಾಡಿ. ಕಾರಿನ ಹಿಂದೆ ಬಂದಾಗ ಕಾಲು ಜಾರಿತು. ಸ್ಕೂಟರ್ ವಾಲಿ ಹ್ಯಾಂಡಲ್ ಹೋಗಿ ಕಾರಿನ ಡಿಕ್ಕಿಗೆ ಬಡಿಯಿತು. ಅಂಗೈ ಅಗಲದ ನೆಗ್ಗು, ಅದರ ಕೆಳಗೆ ಉದ್ದನೆಯ ಗೀರು. ಯಾರೂ ನೋಡಿರಲಿಲ್ಲ. ಒಂದು ನಾಯಿ ಮಾತ್ರ ತಲೆ ಎತ್ತಿ ನೋಡಿ ಮತ್ತೆ ಮಲಗಿತು.

ಮೇಷ್ಟ್ರು ಸ್ಕೂಟರನ್ನು ಗೋಡೆಗೆ ಒರಗಿಸಿ ನೇರವಾಗಿ ವ್ಯಾಪಾರಿಯ ಬಾಗಿಲು ತಟ್ಟಿದರು.

ವ್ಯಾಪಾರಿ ನಿದ್ದೆಗಣ್ಣಲ್ಲಿ ಹೊರಗೆ ಬಂದ. ನೆಗ್ಗನ್ನು ನೋಡಿದ. ಬೈಗುಳ ಬಾಯಿಯವರೆಗೆ ಬಂತು. ಆದರೆ ಅವನು ಸಂಭಾವಿತ. ಎದುರಿಗಿದ್ದವರು ವಯಸ್ಸಾದವರು. ಬಂದ ಮಾತನ್ನು ನುಂಗಿ, "ಪರವಾಗಿಲ್ಲ ಬಿಡಿ ಮೇಷ್ಟ್ರೇ" ಎಂದ.

"ನಾನೇ ಸರಿ ಮಾಡಿಸಿ ಕೊಡ್ತೀನಿ."

"ಛೆ ಛೆ. ಪರವಾಗಿಲ್ಲ ಅಂದೆನಲ್ಲ."

ಮೇಷ್ಟ್ರು ಇನ್ನೂ ಏನೋ ಹೇಳುವವರಿದ್ದರು. ವ್ಯಾಪಾರಿ ಬಾಗಿಲು ಹಾಕಿಕೊಂಡ. ಮೆಲ್ಲಗೇ ಹಾಕಿಕೊಂಡ. ಒಳಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಆದರೂ ತನ್ನ ಬಗ್ಗೆ ತನಗೇ ಒಂದು ಬಗೆಯ ಸಮಾಧಾನವಿತ್ತು. ಬೇರೆ ಯಾರಾದರೂ ಆಗಿದ್ದರೆ ಬೀದಿ ಸೇರಿಸುತ್ತಿದ್ದರು ಎಂದುಕೊಂಡ.

ಮರುದಿನ ಅಂಗಡಿಯ ಮುಂದೆ ಕಾರು ನಿಂತಾಗ ಗಿರಾಕಿಯೊಬ್ಬ ನೆಗ್ಗು ಕಂಡು ಏನಾಯಿತೆಂದು ಕೇಳಿದ. ವ್ಯಾಪಾರಿ ನಡೆದದ್ದನ್ನು ಹೇಳಿದ. ಗಿರಾಕಿ ನಕ್ಕ. "ಡಿಕ್ಕಿಗೇ ಡಿಕ್ಕಿ ಹೊಡೆದರೇನು? ನೀವು ಸುಮ್ಮನೆ ಬಿಟ್ಟಿರಾ?"

"ಪಾಪ, ಹಿರಿಯರು. ಪರವಾಗಿಲ್ಲ ಅಂದೆ."

"ದೊಡ್ಡ ಮನಸ್ಸು ಬಿಡಿ ಸಾಹುಕಾರ್ರೇ ನಿಮ್ಮದು."

ಆ ಮಾತು ವ್ಯಾಪಾರಿಗೆ ಹಿತವಾಯಿತು. ಅವನು ಒಳ್ಳೆಯವನೇ. ಒಳ್ಳೆಯವನು ಎನ್ನಿಸಿಕೊಳ್ಳುವ ಅವಕಾಶ ಬೆಲ್ಲ ತೂಗುವವನಿಗೆ ದಿನವೂ ಸಿಗುವುದಿಲ್ಲ. ಮತ್ತೊಬ್ಬ ಕೇಳಿದ, ಅವನಿಗೂ ಹೇಳಿದ. ಕೇಳದವರೂ ಇದ್ದರು, ಅವರಿಗೆ ಕಾರನ್ನು ತೋರಿಸಿದ. ಗ್ಯಾರೇಜಿಗೆ ಬಿಟ್ಟರೆ ಅರ್ಧ ದಿನದ ಕೆಲಸ. ಬಿಡಲಿಲ್ಲ. ಅವಸರವೇನು, ಓಡುವುದಕ್ಕೆ ತೊಂದರೆ ಇಲ್ಲವಲ್ಲ ಎಂದುಕೊಂಡ. ಗಾಯ ಮಾಯ್ದರೆ ಕತೆ ಮುಗಿಯುತ್ತದೆ ಎಂದು ಅವನ ಮನಸ್ಸಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು ಬದಲಾವಣೆಯೂ ಆಯಿತು. ಸಂಜೆ ಮನೆಗೆ ಬಂದಾಗ ಅವನು ಈಗ ಕಾರನ್ನು ನೇರ ತಂದು ನಿಲ್ಲಿಸುತ್ತಿರಲಿಲ್ಲ. ರಸ್ತೆಯಲ್ಲೇ ತಿರುಗಿಸಿಕೊಂಡು, ಬೀದಿಯುದ್ದಕ್ಕೂ ಹಿಂದಕ್ಕೆ ಬಂದು ನಿಲ್ಲಿಸುತ್ತಿದ್ದ. ಬೆಳಗ್ಗೆ ಹೊರಡಲು ಸುಲಭ ಎಂದು ತನಗೆ ತಾನೇ ಹೇಳಿಕೊಂಡ. ಮೇಷ್ಟ್ರು ತಮ್ಮ ಬಾಗಿಲು ತೆಗೆದರೆ ಈಗ ಮೊದಲು ಕಾಣುತ್ತಿದ್ದದ್ದು ಆ ನೆಗ್ಗು.

ಮೇಷ್ಟ್ರು ಕೆಲವು ದಿನ ಪೇಪರ್ ಓದಲು ಬಂದರು. ದನಿ ಸಣ್ಣದಾಯಿತು. ಸಂಪಾದಕನನ್ನು ಬೈಯುವುದು ನಿಂತಿತು. ಒಂದು ದಿನ, "ಗಂಟಲು ಕಟ್ಟಿದೆ ಅವ್ವ. ಸರಿಹೋದ ಮೇಲೆ ಬರ್ತೀನಿ" ಎಂದು ಎದ್ದು ಹೋದರು. ಆಮೇಲೆ ಬರಲಿಲ್ಲ.

ಮುದುಕಿ ಬೆಳಗ್ಗೆ ಜಗಲಿಯಲ್ಲಿ ಪೇಪರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಮಗ ಅದನ್ನು ನೋಡಲಾರದೆ ಒಂದು ದಿನ ತಾನೇ ಓದಲು ಕೂತ. ಬೆಲ್ಲದ ಧಾರಣೆ ಓದಿದ, ಕೊಬ್ಬರಿಯದನ್ನು ಓದಿದ, ಹೊತ್ತಾಯಿತೆಂದು ಎದ್ದ.

"ಲೋಕದಲ್ಲಿ ಇಷ್ಟೇ ನಡೆದದ್ದೇನೋ?" ಎಂದಳು ತಾಯಿ.

ಹೀಗಿರುವಾಗ ಒಂದು ದಿನ ಟೆಂಪೊ ಓಡಿಸುವವನೊಬ್ಬ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. "ಸಾಹುಕಾರ್ರೇ, ಪರವಾಗಿಲ್ಲ ಮೇಷ್ಟ್ರ ಮನೆ ಎಲ್ಲಿ ಬರುತ್ತೆ? ಸಾಮಾನು ಹೇರಬೇಕು, ಮನೆ ಖಾಲಿ ಮಾಡ್ತಿದ್ದಾರಂತೆ."

ವ್ಯಾಪಾರಿಗೆ ನಗು ಬಂತು. "ಅದೆಂಥ ಹೆಸರಯ್ಯ? ಯಾರಿಟ್ಟರು?"

"ಯಾರಿಟ್ಟರೋ. ಸ್ಟ್ಯಾಂಡಿನಲ್ಲಿ ಎಲ್ಲ ಹಾಗೇ ಅಂತಾರೆ. ಯಾರದೋ ಹೊಸ ಕಾರಿಗೆ ಗುದ್ದಿಬಿಟ್ಟರಂತೆ. ಕಾರಿನ ಯಜಮಾನರು ಭಾರಿ ಒಳ್ಳೆಯವರಂತೆ. ಪರವಾಗಿಲ್ಲ ಅಂದುಬಿಟ್ಟರಂತೆ."

ನಗು ವ್ಯಾಪಾರಿಯ ಬಾಯಲ್ಲೇ ನಿಂತಿತು. ಅವನು ಊರಿನ ಬಾಯಿಂದ ಕೇಳಬೇಕೆಂದು ಬಯಸಿದ್ದ ಹೊಗಳಿಕೆ ಇದೇ. ಈಗ ಕೇಳಿದ. ಮಾತು ಆಡಿದವನು ತಾನು. ಹೆಸರು ಅಂಟಿದ್ದು ಮೇಷ್ಟ್ರಿಗೆ. ತಾನು ಹೇಳಿದ ಪ್ರತಿ ಸಲವೂ ಆ ಮನುಷ್ಯ ಮತ್ತೊಮ್ಮೆ ಕಾಲು ಜಾರಿದ್ದರು, ಮತ್ತೊಮ್ಮೆ ತಲೆ ತಗ್ಗಿಸಿ ಬಾಗಿಲು ತಟ್ಟಿದ್ದರು.

"ಇಲ್ಲೇ ನೆರಳಲ್ಲಿ ಕೂತಿರು. ನಾನು ಬಂದು ಹೇಳೋವರೆಗೂ ಏಳಬೇಡ" ಎಂದು ಟೆಂಪೊದವನ ಕೈಗೆ ಒಂದು ತುಂಡು ಬೆಲ್ಲ ಕೊಟ್ಟು ಮನೆಗೆ ಹೋದ.

ತಾಯಿ ಜಗಲಿಯಲ್ಲೇ ಇದ್ದಳು.

"ಅವ್ವ, ಮೇಷ್ಟ್ರು ಮನೆ ಬಿಡ್ತಿದ್ದಾರೆ."

"ಗೊತ್ತು. ಬೆಳಗ್ಗೆಯಿಂದ ಪಾತ್ರೆ ಕಟ್ಟೋ ಸದ್ದು ಕೇಳ್ತಿದೆ."

"ನಾನು ಅವರಿಗೆ ಒಂದು ಮಾತೂ ಅಂದಿಲ್ಲವಲ್ಲ."

"ನೀನು ಅನ್ನಲಿಲ್ಲ. ನಿನ್ನ ಕಾರು ಅಂತು." ತಾಯಿ ಅವನತ್ತ ಮುಖ ತಿರುಗಿಸಿದಳು. "ಮೊದಲು ನೆಟ್ಟಗೆ ಬಂದು ನಿಲ್ತಿತ್ತು. ಈಗ ದಿನಾ ಪೀಂ ಪೀಂ ಅಂತ ಕೂಗಿಕೊಂಡು ಹಿಂದಕ್ಕೆ ಬರುತ್ತೆ. ನನಗೆ ಕಣ್ಣಿಲ್ಲ, ಕಿವಿ ಇದೆ. ಪೆಟ್ಟು ಬಿದ್ದದ್ದು ಎಲ್ಲಿಗೆ?"

"ಹಿಂದುಗಡೆ."

"ಈಗ ಅದು ನೋಡ್ತಿರೋದು ಯಾರ ಬಾಗಿಲನ್ನ?"

ಬೆಳಗ್ಗೆ ಹೊರಡಲು ಸುಲಭ ಎಂಬ ಮಾತು ಮಗನ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು.

"ಅವತ್ತು ಅವರು ಬಂದಾಗ ಕೂತ್ಕೊಳ್ಳಿ ಅಂದೆಯಾ?"

"ಇಲ್ಲ."

"ನೀರು?"

"ಇಲ್ಲ ಅವ್ವ."

"ಅಂಗಡಿಗೆ ಬರೋ ಸುಳ್ಳರಿಗೆಲ್ಲ ಟೀ ತರಿಸ್ತೀಯ. ಊರಿಗೆಲ್ಲ ಬೆಲ್ಲ ಮಾರ್ತೀಯ. ನಿಜ ಹೇಳೋಕೆ ಅಂತ ಮನೆ ಬಾಗಿಲಿಗೆ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡಲಿಲ್ಲ."

ವ್ಯಾಪಾರಿ ಮೆಟ್ಟಿಲ ಮೇಲೆ ಕೂತ. ತಾಯಿ ಹೇಳಿದ ಒಂದು ಮಾತು ಅವನಲ್ಲಿ ಇಳಿಯುತ್ತ ಹೋಯಿತು. ನಿಜ ಹೇಳಲು ಬಂದವರು. ಯಾರೂ ನೋಡಿರಲಿಲ್ಲ ಎಂಬುದನ್ನು ಅವನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅಂದು ಮೇಷ್ಟ್ರು ಸುಮ್ಮನೆ ಮನೆಗೆ ಹೋಗಿಬಿಟ್ಟಿದ್ದರೆ? ಸಂಜೆ ತಾನು ಎದ್ದು ಬಂದು ನೆಗ್ಗು ನೋಡುತ್ತಿದ್ದ. ಹಾಲಿನವನನ್ನು ಅನುಮಾನಿಸುತ್ತಿದ್ದ. ತಳ್ಳುಗಾಡಿಯಲ್ಲಿ ಸೊಪ್ಪು ತರುವ ಹೆಂಗಸನ್ನು, ಎದುರು ಮನೆಯ ಟೈಲರನ್ನು, ಬೀದಿಯಲ್ಲಿ ಆಡುವ ಮಕ್ಕಳನ್ನು ಅನುಮಾನಿಸುತ್ತಿದ್ದ. ಅಷ್ಟು ವರ್ಷ ಬಾಳಿದ ಬೀದಿಯಲ್ಲಿ ಒಬ್ಬೊಬ್ಬರ ಮುಖವನ್ನೂ ಬೇರೆ ಕಣ್ಣಿನಿಂದ ನೋಡುತ್ತಿದ್ದ. ಹಾಗೆ ಆಗಲಿಲ್ಲ. ಇಂದಿಗೂ ಹಾಲಿನವನು ಹಾಲಿನವನಾಗಿಯೇ ಉಳಿದಿದ್ದ, ಮಕ್ಕಳು ಮಕ್ಕಳಾಗಿಯೇ ಉಳಿದಿದ್ದರು. ಒಬ್ಬ ಮನುಷ್ಯ ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆದು ಬಂದು ಇಡೀ ಬೀದಿಯನ್ನು ಅವನಿಗೆ ಉಳಿಸಿಕೊಟ್ಟಿದ್ದರು. ಅವರು ಅಷ್ಟು ದೊಡ್ಡದನ್ನು ಕೊಡಲು ಬಂದಿದ್ದರು. ತಾನು ಬಾಗಿಲಲ್ಲೇ ನಿಲ್ಲಿಸಿ ಕ್ಷಮೆ ಕೊಟ್ಟು ಕಳಿಸಿದ್ದ.

ಅವನು ಒಳಗೆ ಹೋದ. ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡ. ಅಂಗಡಿಯ ಬೆಲ್ಲವಲ್ಲ, ಹಬ್ಬಕ್ಕೆಂದು ಮನೆಯಲ್ಲಿ ತೆಗೆದಿಟ್ಟಿದ್ದ ಬೆಲ್ಲ. ಲೋಟದಲ್ಲಿ ನೀರು ತುಂಬಿಕೊಂಡ. ಎರಡನ್ನೂ ಹಿಡಿದು ಪಕ್ಕದ ಮನೆಗೆ ನಡೆದ. ದಾರಿಯಲ್ಲಿ ಟೈಲರ್ ತಲೆ ಎತ್ತಿ, "ಏನು ಸಾಹುಕಾರ್ರೇ, ಬೆಲ್ಲ ಈಗ ಮನೆ ಮನೆಗೆ ಬರುತ್ತಾ?" ಎಂದ. ವ್ಯಾಪಾರಿ, "ತಡವಾಗಿ ಬರುತ್ತೆ" ಎಂದ.

ಮೇಷ್ಟ್ರ ಮನೆಯಲ್ಲಿ ಗಂಟುಗಳು ಬಾಗಿಲವರೆಗೆ ಬಂದಿದ್ದವು. ಮೇಷ್ಟ್ರು ಹಗ್ಗ ಬಿಗಿಯುತ್ತಿದ್ದರು. ಇವನನ್ನು ಕಂಡು ಎದ್ದು ನಿಂತರು. ತಟ್ಟೆ, ಲೋಟ ಕಂಡು ಏನೂ ಅರ್ಥವಾಗದೆ ನಿಂತರು. ಬಂದವರಿಗೆ ಮನೆಯವರು ಬೆಲ್ಲ ನೀರು ಕೊಡುವುದುಂಟು. ಮನೆಯವರಿಗೆ ಬಂದವನು ಕೊಡುವುದನ್ನು ಅವರು ಕಂಡಿರಲಿಲ್ಲ.

"ಅವತ್ತೇ ಕೊಡಬೇಕಾಗಿತ್ತು ಮೇಷ್ಟ್ರೇ" ಎಂದ ವ್ಯಾಪಾರಿ. "ನೀವು ಬಂದು ಹೇಳದೆ ಇದ್ದಿದ್ದರೆ ನಾನು ಈ ಬೀದಿಯಲ್ಲಿ ಒಬ್ಬರನ್ನೂ ನಂಬ್ತಿರಲಿಲ್ಲ. ಅದು ಇವತ್ತು ಹೊಳೀತು. ನಾನು ನಿಮಗೆ ಏನೋ ಬಿಟ್ಟುಕೊಟ್ಟೆ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಕೊಟ್ಟವರು ನೀವು."

ಮೇಷ್ಟ್ರು ಗಂಟಿನ ಮೇಲೆ ಕೂತರು. ಆಮೇಲೆ ನಕ್ಕರು.

"ಮೊನ್ನೆ ಕ್ಷೌರಕ್ಕೆ ಹೋಗಿದ್ದೆ. ಅವನು ಕಿವಿಯ ಹತ್ತಿರ ಕತ್ತಿ ತಾಗಿಸಿಬಿಟ್ಟ. ರಕ್ತ ಬಂತು. ನಾನು ಬಾಯಿ ತೆಗೆಯೋದಕ್ಕೆ ಮುಂಚೆ ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಪರವಾಗಿಲ್ಲ ಅಂದರು."

ವ್ಯಾಪಾರಿ ತಲೆ ತಗ್ಗಿಸಿದ.

"ಮನೆಗೆ ಬಂದು ಆ ಪದ ಬಿಡಿಸಿ ನೋಡಿದೆ" ಎಂದರು ಮೇಷ್ಟ್ರು. "ಮೇಷ್ಟ್ರ ಚಾಳಿ. ಪರವಾಗಿ, ಇಲ್ಲ. ನಿಮ್ಮ ಪರವಾಗಿ ನಾವು ಇಲ್ಲ ಅಂತ. ಸೇರಿಸಿ ಹೇಳಿದರೆ ಲೋಪಸಂಧಿ. ಲೋಪ ಯಾರದು ಅಂತ ಮಾತ್ರ ವ್ಯಾಕರಣ ಹೇಳೋದಿಲ್ಲ."

"ಲೋಪ ನನ್ನದು, ಮೇಷ್ಟ್ರೇ."

ಮೇಷ್ಟ್ರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಲೋಟ ಕೆಳಗಿಟ್ಟು, "ಪರವಾಗಿಲ್ಲ ಬಿಡಿ ಸಾಹುಕಾರ್ರೇ" ಎಂದರು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಕ್ಕದ ಜಗಲಿಯಲ್ಲಿ ಮುದುಕಿ ಆ ನಗು ಕೇಳಿ ಮಡಿಲಿನ ಪೇಪರನ್ನು ನೆಟ್ಟಗೆ ಮಾಡಿಟ್ಟುಕೊಂಡಳು.

ಟೆಂಪೊದವನು ಬೆಲ್ಲ ತಿಂದು ಖಾಲಿ ಗಾಡಿ ತೆಗೆದುಕೊಂಡು ಹೋದ. ಸ್ಟ್ಯಾಂಡಿನಲ್ಲಿ ಹೇಳಲೆಂದು ವ್ಯಾಪಾರಿ ಅವನಿಗೆ ಒಂದು ಹೊಸ ಸುದ್ದಿ ಕೊಟ್ಟು ಕಳಿಸಿದ್ದ. ತನ್ನ ಕಾರಿಗೆ ತಾಗಿದ್ದು ಯಾರಿಗೂ ಗೊತ್ತಿರಲಿಲ್ಲ, ತಾವಾಗಿ ಬಂದು ಹೇಳಿದವರು ಮೇಷ್ಟ್ರು, ಅಂಥವರು ಪಕ್ಕದಲ್ಲಿರುವುದು ತನ್ನ ಪುಣ್ಯ ಎಂದು. ಆ ಸುದ್ದಿಯೂ ಊರು ಸುತ್ತಿತು. ಅಡ್ಡಹೆಸರು ಹೋಗಲಿಲ್ಲ, ಅಡ್ಡಹೆಸರು ಹೋಗುವುದಿಲ್ಲ. ಆದರೆ ಅದನ್ನು ಹೇಳುವವರ ದನಿ ಬೇರೆಯಾಯಿತು.

ಆ ಸಂಜೆ ಕಾರು ಬೀದಿಯೊಳಗೆ ನೆಟ್ಟಗೆ ಬಂದು ನಿಂತಿತು. ಪೀಂ ಪೀಂ ಎನ್ನಲಿಲ್ಲ. ಬೆಳಗ್ಗೆ ಮೇಷ್ಟ್ರು ಜಗಲಿಗೆ ಬಂದು ಪೇಪರ್ ಬಿಡಿಸಿದರು. ಮೊದಲ ಸಾಲಿನಲ್ಲೇ ಒಂದು ಅಚ್ಚಿನ ತಪ್ಪು ಸಿಕ್ಕಿತು. ಬೀದಿಗೆಲ್ಲ ಕೇಳುವ ಹಾಗೆ ಸಂಪಾದಕನನ್ನು ಬೈದರು.

"ಗಂಟಲು ಸರಿಹೋಯಿತೇ ಮೇಷ್ಟ್ರೇ?" ಎಂದಳು ಮುದುಕಿ.

"ಬೆಲ್ಲದ ನೀರು ಕುಡಿದೆ ಅವ್ವ. ಬಿಟ್ಟುಕೊಂಡಿತು."

ಒಳಗೆ ಅಂಗಿ ತೊಡುತ್ತಿದ್ದ ವ್ಯಾಪಾರಿ ಆ ದನಿ ಕೇಳುತ್ತ ನಿಂತ. ಅಂಗಡಿಗೆ ಹೊತ್ತಾಗಿತ್ತು. ಆದರೂ ಬಾಗಿಲ ಹಿಂದೆ ನಿಂತು ಮೊದಲ ಪುಟ ಮುಗಿಯುವವರೆಗೂ ಕೇಳಿದ. ಅಷ್ಟು ದಿನ ಆ ದನಿ ತನ್ನ ಮನೆಯ ಜಗಲಿಯ ಮೇಲೆ ಸುಮ್ಮನೆ ಸುರಿದುಹೋಗಿತ್ತು. ಅವನು ಒಂದು ದಿನವೂ ನಿಂತು ಕೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಭಜನೆಗೆ ಜನ ಸೇರುತ್ತಿದ್ದರು. ಪಂಪಯ್ಯ ಬಾಗಿಲವರೆಗೆ ಬಂದವನು ಒಳಗೆ ತಂಬೂರಿಯ ಸೀಳನ್ನು ನೋಡಿ, ಕಣ್ಣು ತಗ್ಗಿಸಿ, ಕಂಬದ ಆಚೆಗೆ ಹೋಗಿ ಕೂತ.

"ಗುರುಗಳೇ, ಕಾರಿನ ಆ ನೆಗ್ಗು ಕಡೆಗೆ ಏನಾಯಿತು?" ಎಂದು ಚನ್ನವೀರ ಕೇಳಿದ.

ಗುರುಗಳು ಏಳುತ್ತ ಹೇಳಿದರು: "ಅದಿರಲಿ ಚನ್ನವೀರ, ನಿನ್ನ ತಂಬೂರಿಯ ಸೀಳು ಈಗ ಯಾರ ಬಾಗಿಲನ್ನು ನೋಡುತ್ತಿದೆ?"